ಮೀಸೆಯ ಬಲೆ ಮತ್ತು ಗಿರಿಜಳ ಕೆಲಸ

ಪಕ್ಕದ ಮನೆಯ ಶ್ರಾವ್ಯ ಉಜಿರೆಯಲ್ಲಿ ಓದು ಮುಗಿಸಿ ಒಂದು ಕಂಪನಿಯಲ್ಲಿ ಎಚ್‌ಆರ್ ಕೆಲಸಕ್ಕೆ ಸೇರುವವಳಿದ್ದಾಳೆ. ಮೊನ್ನೆ ನಾನು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾಗ ಬಂದಳು. ಕಾಗೆ ಓಡಿಸುವ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಕೇಳಿದಳು.

"ವಿಮಲಾಂಟಿ, ಕಂಪನಿ ತಾನೇ ಮಾಡಿದ ನಿಯಮವನ್ನು ತಾನೇ ಮುರಿದು ಒಬ್ಬರನ್ನು ಕೆಲಸದಿಂದ ತೆಗೆದರೆ, ಅದು ಕಾನೂನಿಗೆ ವಿರುದ್ಧ ಅಂತ ಆಗ್ತದಾ? ಪುಸ್ತಕದಲ್ಲಿ ಪುಟಗಟ್ಟಲೆ ಉಂಟು. ಓದಿದಷ್ಟೂ ತಲೆ ತಿರುಗ್ತದೆ."

ನನಗೆ ನಗು ಉಕ್ಕಿ ಬಂತು. ಹಪ್ಪಳದ ಮೇಲೆ ಎಂಜಲು ಬೀಳದಂತೆ ಮುಖ ತಿರುಗಿಸಿ ನಕ್ಕೆ. ಕಾನೂನಿನ ಪ್ರಶ್ನೆ ಕೇಳಿದರೆ ಈ ಆಂಟಿ ಯಾಕೆ ಹೀಗೆ ನಗುತ್ತಾರೆ ಎಂದು ಹುಡುಗಿ ಗಾಬರಿಯಾದಳು. ಅವಳಿಗೂ ಅವಳಂತೆ ಈ ಕೆಲಸಕ್ಕೆ ಹೊರಟ ಮಕ್ಕಳಿಗೂ ಆ ನಗುವಿನ ಕಾರಣವನ್ನು ಬರೆದಿಡುತ್ತಿದ್ದೇನೆ.

ನಾನು ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ಅವರು ನನಗೆ ದುಂಡನೆಯ ಅಕ್ಷರ, ತಪ್ಪಿಲ್ಲದ ಇಂಗ್ಲಿಷ್ ಮತ್ತು ನಗು ತಡೆಯುವ ಒಂದು ಉಪಾಯ ಕಲಿಸಿದರು. ಪ್ರಾರ್ಥನೆಯ ಹೊತ್ತಿನಲ್ಲಿ ನಗು ಬಂದರೆ ನಾಲಿಗೆ ಕಚ್ಚಿಕೊಂಡು ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಬೇಕು. ಮದುವೆಯಾಗಿ ಮೂಡುಬಿದಿರೆಗೆ ಬಂದೆ, ಮಕ್ಕಳನ್ನು ಬೆಳೆಸಿದೆ. ಅವರು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಪುತ್ತಿಗೆಯ ಕಡೆಯ ಒಂದು ಗೇರುಬೀಜ ಕಾರ್ಖಾನೆಯ ಕಚೇರಿಗೆ ಸೇರಿದೆ. ಅಕ್ಷರ ಮತ್ತು ಇಂಗ್ಲಿಷ್ ಅಲ್ಲಿ ನಿವೃತ್ತಿಯವರೆಗೂ ಅನ್ನ ಹಾಕಿದವು. ಹದಿನೇಳರ ಮಗ್ಗಿ ಮಾತ್ರ ಅತ್ಯಂತ ಬೇಕಾದ ದಿನ ಕೈಕೊಟ್ಟಿತು.

ಕಚೇರಿಯಲ್ಲಿ ನನ್ನ ಕೆಲಸ ಹಾಜರಿ, ರಜೆ, ಇಎಸ್‌ಐ, ಪತ್ರ ವ್ಯವಹಾರ ಎಂದು ಹೇಳಬಹುದು. ನಿಜವಾಗಿ ನಾನು ಮಾಡುತ್ತಿದ್ದದ್ದು ಬೇರೆಯೇ. ಯಾರ ಮಗುವಿಗೆ ಜ್ವರ, ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರು ಊಟ ಬಿಟ್ಟು ಕೂತಿದ್ದಾರೆ ಎಂದು ನೋಡಿಕೊಳ್ಳುವುದು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಅವತ್ತು ಯಾರು ಯಾರ ಪಕ್ಕ ಕೂತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಮಕ್ಕಳೇ, ನಿಮ್ಮ ಎಚ್‌ಆರ್ ಎಂದರೆ ಮುಕ್ಕಾಲು ಪಾಲು ಇಷ್ಟೇ.

ಮೊದಲು ಹೆಬ್ಬೆರಳ ಕಥೆ ಹೇಳುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ಪೆನ್ನಿನಲ್ಲಿ ಬರೆಯುತ್ತಿದ್ದ ಹಾಜರಿಯನ್ನು ಬಿಟ್ಟು ನಮ್ಮ ಧಣಿಗಳು ಒಮ್ಮೆ ಹೆಬ್ಬೆರಳು ಒತ್ತುವ ಯಂತ್ರ ತಂದರು. ಅದಕ್ಕೆ ಹೂ ಮುಡಿಸಿ, ಕುಂಕುಮ ಹಚ್ಚಿ, ಬಾಗಿಲ ಬಳಿ ಕೂರಿಸಿದೆವು. ಆದರೆ ಗೇರುಬೀಜ ಕತ್ತರಿಸುವ ಹೆಂಗಸರ ಕೈ ನೀವು ನೋಡಿಲ್ಲ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗೆ ಎಷ್ಟು ಹರಳೆಣ್ಣೆ ಹಚ್ಚಿಕೊಂಡರೂ ವರ್ಷಗಳು ಕಳೆದ ಹಾಗೆ ಬೆರಳಿನ ಗೆರೆಗಳು ಅಳಿಸಿ ಹೋಗುತ್ತವೆ. ಯಂತ್ರಕ್ಕೆ ಆ ಹೆಬ್ಬೆರಳುಗಳಲ್ಲಿ ಓದಲು ಏನೂ ಸಿಗಲಿಲ್ಲ. ಅವರು ಒತ್ತಿದರು, ಅದು ಕೆಂಪು ದೀಪ ತೋರಿಸಿತು, ಅವರು ಅದಕ್ಕೊಂದಿಷ್ಟು ಬೈದು ಒಳಗೆ ಹೋಗಿ ಕೆಲಸಕ್ಕೆ ಕೂತರು.

ತಿಂಗಳ ಕೊನೆಗೆ ಕಂಪ್ಯೂಟರ್ ತಾನೇ ಪತ್ರಗಳನ್ನು ಹೊರಗೆ ಹಾಕಿತು. "ನೀವು ಮಾಹಿತಿ ನೀಡದೆ ಸತತವಾಗಿ ಗೈರುಹಾಜರಾಗಿದ್ದರಿಂದ ನಿಮ್ಮ ಹೆಸರನ್ನು ತೆಗೆದುಹಾಕಲಾಗಿದೆ." ಕತ್ತರಿಸುವ ವಿಭಾಗದ ಎಲ್ಲರಿಗೂ ಒಂದೊಂದು. ಪತ್ರ ಹಂಚಬೇಕೆಂದು ನಮ್ಮ ಮ್ಯಾನೇಜರ್ ಸಂಜೀವಣ್ಣ ಹೇಳಿದರು. ನಾನು ಕಟ್ಟು ಹಿಡಿದು ಶೆಡ್ಡಿಗೆ ಹೋದೆ. ಹೆಸರು ತೆಗೆದುಹಾಕಿದವರೆಲ್ಲ ಸಾಲಾಗಿ ಕೂತು ಟಕಟಕ ಬೀಜ ಕತ್ತರಿಸುತ್ತಿದ್ದರು!

ಮೊದಲ ಸಾಲಿನಲ್ಲಿ ವೇಣೂರಿನಿಂದ ಬರುವ ಗಿರಿಜ ಕೂತಿದ್ದಳು. ಪತ್ರದಲ್ಲಿ ಏನಿದೆ ಎಂದು ಓದಿ ಹೇಳಿದೆ. ಅವಳು ಕೈ ಒರೆಸಿಕೊಂಡು, ಬಹಳ ಗಂಭೀರವಾಗಿ ಅದನ್ನು ತೆಗೆದುಕೊಂಡು ಮಡಚಿದಳು.

"ಗಿರಿಜ ಬರ್ತಾ ಇಲ್ಲವಂತೆ ಅಲ್ವಾ ವಿಮಲಕ್ಕ? ಪಾಪ. ಬಂದ ಮೇಲೆ ಕೊಡ್ತೇನೆ ಅವಳಿಗೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನು ಕಟ್ಟನ್ನು ತಿರುಗಿ ಧಣಿಗಳ ಮೇಜಿಗೆ ಒಯ್ದು ಹಾಕಿದೆ. ಧಣಿಗಳು ಒಳ್ಳೆಯ ಮನುಷ್ಯ. ಅವರೂ ನಕ್ಕರು. ಆಮೇಲೆ, "ನಗುವ ವಿಷಯ ಅಲ್ಲ ಇದು. ಯಾರಾದರೂ ಒಬ್ಬರು ಅವರ ಮುಖ ನೋಡಿದ್ದರೆ ಸಾಕಿತ್ತಲ್ಲ" ಎಂದರು. ಪತ್ರಗಳು ರದ್ದಾದವು, ಕತ್ತರಿಸುವವರಿಗೆ ಪೆನ್ನಿನ ಹಾಜರಿಯೇ ಮರಳಿ ಬಂತು.

ಅದೇ ಹೊತ್ತಿಗೆ ನಮ್ಮ ಗೇರುಬೀಜ ಕೊಳ್ಳುವ ಪರದೇಶದವರು, ಕಾರ್ಖಾನೆಯಲ್ಲಿ ಲಿಖಿತ ನಿಯಮಾವಳಿ ಬೇಕು ಎಂದು ಕೇಳಿದ್ದರು. ಕೆಲಸದ ನಿಯಮಗಳ ಬಗ್ಗೆ ಕಾರ್ಮಿಕ ಇಲಾಖೆ ಒಪ್ಪಿದ ಸ್ಟ್ಯಾಂಡಿಂಗ್ ಆರ್ಡರ್ ಮೊದಲೇ ಇತ್ತು, ಜೇಡನ ಬಲೆಯ ಹಿಂದೆ. ಧಣಿಗಳು ಅದರ ಪಕ್ಕಕ್ಕೆ ನಮ್ಮದೇ ಒಂದು ಮಾಡಿಸಿದರು. ಯಾರನ್ನೂ ಮುಖ ನೋಡಿ ಮಾತು ಕೇಳದೆ ಕೆಲಸದಿಂದ ತೆಗೆಯಬಾರದು. ಆರೋಪವನ್ನು ಬರೆದು ಕೊಡಬೇಕು. ವಿಚಾರಣೆಗೆ ಬರುವವರು ಜೊತೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆದುಕೊಂಡು ಬರಬಹುದು. ದೂರು ಕೊಟ್ಟವರೇ ತೀರ್ಪು ಕೊಡಬಾರದು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನಾನೇ ಬರೆದೆ. ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಕುಡಿಯುವ ನೀರಿನ ಪಾತ್ರೆಯ ಮೇಲೆ ತೂಗುಹಾಕಿದೆವು. ನೀರು ಕುಡಿಯುವಾಗ ತಲೆ ಎತ್ತಿದರೆ ಅದೇ ಕಾಣಬೇಕು ಎಂದು ನನ್ನ ಆಸೆ. ತಲೆ ಎತ್ತಿ ಯಾರೂ ಓದುತ್ತಿರಲಿಲ್ಲ. ಚೌಕಟ್ಟಿನ ಗಾಜಿನಲ್ಲಿ ಮುಖ ನೋಡಿ ಬೊಟ್ಟು ಸರಿಮಾಡಿಕೊಳ್ಳುತ್ತಿದ್ದರು.

ಈಗ ಸಂಜೀವಣ್ಣನವರ ಬಗ್ಗೆ. ಯೌವನವನ್ನೆಲ್ಲ ಮುಂಬೈಯ ಹೋಟೆಲಿನಲ್ಲಿ ಕಳೆದು ಬಂದವರು. ಅಲ್ಲಿಯ ಪದ್ಧತಿ ಅವರ ರಕ್ತದಲ್ಲಿತ್ತು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಸಪ್ಲಾಯರನ್ನು "ಹೋಗು, ನಾಳೆಯಿಂದ ಬರಬೇಡ" ಎಂದು ಓಡಿಸುವುದು, ಊಟದ ಹೊತ್ತಿಗೆ ಜನ ಹೆಚ್ಚಾದಾಗ "ಎಲ್ಲಿ ಸತ್ತಿದ್ದೀ, ಬಾ" ಎಂದು ಕರೆಯುವುದು. ಇದು ಅಲ್ಲಿ ದಿನದ ಮಾತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹೋಟೆಲಿನಿಂದ ಅವರು ತಂದ ಇನ್ನೊಂದು ಆಸ್ತಿ ಮೀಸೆ. ಎರಡೂ ಕಡೆ ಮೇಲಕ್ಕೆ ತಿರುಗಿದ, ದಿನಾ ಎಣ್ಣೆ ಕಾಣುವ, ಅವರಿಗಿಂತ ಒಂದು ಹೆಜ್ಜೆ ಮೊದಲೇ ಕೋಣೆಯೊಳಗೆ ಬರುವ ಮೀಸೆ.

ಪರದೇಶದವರು ಕಾರ್ಖಾನೆ ನೋಡಲು ಬರುವ ದಿನ ಬಂತು. ಆಹಾರದಲ್ಲಿ ಕೂದಲು ಬೀಳಬಾರದು, ಹಾಗಾಗಿ ಎಲ್ಲರಿಗೂ ತಲೆಗೆ ಬಲೆಯ ಟೋಪಿ. ಗಡ್ಡ ಮೀಸೆ ಇರುವವರಿಗೆ ಅದಕ್ಕೂ ಬಲೆ. ಸಂಜೀವಣ್ಣ ಶಿಸ್ತಿನ ಮನುಷ್ಯ. ಎಲ್ಲರಿಗಿಂತ ಮೊದಲು ತಾವೇ ಹಾಕಿಕೊಂಡರು. ಬಿಳಿಯ, ತೆಳುವಾದ, ಎರಡು ಕಿವಿಗೆ ಎಲಾಸ್ಟಿಕ್ ಸಿಕ್ಕಿಸುವ ಬಲೆ. ಒಳಗೆ ಮೀಸೆಯ ಎರಡು ತುದಿಗಳು ಬಲೆಯನ್ನು ಹೊರಕ್ಕೆ ದೂಡಿ, ಚೀಲದಲ್ಲಿ ಹಾಕಿದ ಬೆಕ್ಕಿನ ಕಿವಿಗಳ ಹಾಗೆ ನಿಂತಿದ್ದವು.

ಅಷ್ಟಾದರೂ ತಡೆದುಕೊಳ್ಳಬಹುದಿತ್ತು. ಅತಿಥಿಗಳ ಎದುರು ಅವರು ಭಾಷಣ ಶುರುಮಾಡಿದರು. "ಶಿಸ್ತೇ ನಮ್ಮ ಸಂಸ್ಥೆಯ ಜೀವಾಳ." ಮಾತಿಗೆ ಉಸಿರು ಬಿಟ್ಟರೆ ಬಲೆ ಬಲೂನಿನ ಹಾಗೆ ಉಬ್ಬುತ್ತದೆ. ಉಸಿರು ಎಳೆದರೆ ಬಾಯಿಯೊಳಗೇ ಹೋಗುತ್ತದೆ. ಉಬ್ಬುತ್ತದೆ, ಹೋಗುತ್ತದೆ. ಶಿಸ್ತೇ, ಪುಸ್. ನಮ್ಮ ಸಂಸ್ಥೆಯ, ಪುಸ್.

ಮೊದಲ ಸಾಲಿನಲ್ಲಿದ್ದ ಗಿರಿಜಳಿಗೆ ತಡೆಯಲಾಗಲಿಲ್ಲ. ಅವಳ ಮೂಗಿನಿಂದ ಒಂದು ಸಣ್ಣ ಸದ್ದು ಬಂತು, ಕುಕ್ಕರಿನ ಮೊದಲ ಸೀಟಿಗಿಂತ ಮುಂಚೆ ಬರುವಂಥದ್ದು. ಆಮೇಲೆ ಸೀಟಿಯೇ ಆಯಿತು. ಅವಳ ಹಿಂದೆ ಇಡೀ ಶೆಡ್ಡು. ಸಂಜೀವಣ್ಣನ ಹಿಂದೆ ನಿಂತಿದ್ದ ಧಣಿಗಳಿಗೆ ಅವರ ಬೆನ್ನು ಮಾತ್ರ ಕಂಡಿತ್ತು. ಅತಿಥಿಗಳಿಗೂ ಏನೋ ಸಂತೋಷದ ವಿಷಯ ಎನಿಸಿ ಅವರೂ ನಕ್ಕು ಚಪ್ಪಾಳೆ ತಟ್ಟಿದರು. ನಾನು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಹದಿನೇಳ ನಾಲ್ಕಲಿ ಅರವತ್ತೆಂಟರವರೆಗೆ ಹೋಗಿದ್ದೆ.

ಅತಿಥಿಗಳ ಕಾರಿನಲ್ಲಿ ಧಣಿಗಳೂ ಮಂಗಳೂರಿಗೆ ಹೊರಟರು. ಗೇಟು ಮುಚ್ಚಿದ್ದೇ ತಡ, ಸಂಜೀವಣ್ಣ ನೀರಿನ ಪಾತ್ರೆಯ ಬಳಿ ನಿಂತಿದ್ದ ಗಿರಿಜಳ ಎದುರು ಬಂದರು. ಸರಿಯಾಗಿ ಆ ಚಿನ್ನದ ಚೌಕಟ್ಟಿನ ಕೆಳಗೆ.

"ನಾಳೆಯಿಂದ ಬರಬೇಡ. ಏಪ್ರನ್ ಬಿಚ್ಚಿ ಕೊಡು."

"ಸಂಜೀವಣ್ಣ, ನಾನು ಬೇಕಂತ..."

"ಮಾತು ಬೇಡ. ವಾಚ್‌ಮನ್, ಇವಳನ್ನು ಇನ್ನು ಒಳಗೆ ಬಿಡಬಾರದು."

ಮುಂಬೈಯ ಹೋಟೆಲಿನಲ್ಲಾದರೆ ಊಟದ ಹೊತ್ತಿಗೆ ಕರೆಯುತ್ತಿದ್ದರೇನೋ. ಇಲ್ಲಿ ಅಷ್ಟು ಜನರ ಎದುರು ಹೇಳಿಯಾಗಿತ್ತು, ಮೀಸೆ ಅಡ್ಡ ಬಂತು. ಗಿರಿಜಳಿಗೆ ಮುಂಬೈಯ ಪದ್ಧತಿ ಗೊತ್ತಿರಲಿಲ್ಲ. ಅವಳು ಏಪ್ರನ್ನನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟಳು. ಅದರ ಕಟ್ಟುವ ಲಾಡಿಗಳನ್ನೂ ಸುತ್ತಿ ಒಳಗೆ ಸೇರಿಸಿದಳು. ಆ ಲಾಡಿ ಸುತ್ತುವುದನ್ನು ನೋಡಿ ನನ್ನ ನಗು ಇಳಿದು ಹೋಯಿತು. ಅವಳ ಮಗಳು ಉಜಿರೆಯ ಹಾಸ್ಟೆಲಿನಲ್ಲಿದ್ದಳು, ಮನೆಗೆ ಇವಳ ಸಂಬಳವೊಂದೇ. ನಮ್ಮ ಕಡೆ ಗೇರುಬೀಜದ ಕಾರ್ಖಾನೆಗಳ ಮ್ಯಾನೇಜರುಗಳೆಲ್ಲ ಒಬ್ಬರಿಗೊಬ್ಬರು ಪರಿಚಯದವರು. ಅಶಿಸ್ತು ಎಂದು ಒಂದು ಕಡೆಯಿಂದ ತೆಗೆದವಳನ್ನು ಇನ್ನೊಂದು ಕಡೆ ಸೇರಿಸಿಕೊಳ್ಳುವುದಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬಂದು ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನಲ್ಲಿ ಕೂತಿದ್ದಳು. ಮನೆಯಲ್ಲಿ ಹೇಳಿರಲಿಲ್ಲ. ಬುತ್ತಿ ಕಟ್ಟಿಕೊಂಡೇ ಬಂದಿದ್ದಳು.

ನಾನು ಧಣಿಗಳಿಗೆ ನಡೆದದ್ದನ್ನು ಹೇಳಿದೆ. ಅವರು ತಲೆಗೆ ಕೈಯಿಟ್ಟು, "ನಿಯಮ ಮಾಡಿದ್ದು ನಾವು, ಮುರಿದದ್ದೂ ನಾವು. ಈಗ ಇದಕ್ಕೆ ಕಾನೂನು ಎಂತ ಹೇಳ್ತದೆ? ನೀವು ಬಂಟ್ವಾಳಕ್ಕೆ ಹೋಗಿ ವಕೀಲರನ್ನು ಕೇಳಿ ಬನ್ನಿ" ಎಂದರು.

ಶ್ರಾವ್ಯ, ನಿನ್ನ ಪ್ರಶ್ನೆ ಇಲ್ಲಿ ಬರುತ್ತದೆ. ಸರಿಯಾಗಿ ಕೇಳು.

ವಕೀಲರು ವಯಸ್ಸಾದವರು, ಕಾರ್ಮಿಕ ಕಾನೂನಿನಲ್ಲಿ ಪಳಗಿದವರು. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಒಂದು ತೆಂಗಿನ ಗೆರಟೆ ಇಟ್ಟಿದ್ದರು. ಹೇಳಿದರು:

"ನೋಡಿ ಅಮ್ಮಾ, ಗೋಡೆಗೆ ತೂಗುಹಾಕಿದ್ದೆಲ್ಲ ಕಾನೂನಲ್ಲ. ಇಲಾಖೆ ಒಪ್ಪಿ ಮುದ್ರೆ ಒತ್ತಿದ ಸ್ಟ್ಯಾಂಡಿಂಗ್ ಆರ್ಡರ್ ಆದರೆ ಅದು ನಿಮ್ಮ ಧಣಿಗಳನ್ನೂ ಕಟ್ಟಿಹಾಕ್ತದೆ. ನೀವೇ ಬರೆದು ಚೌಕಟ್ಟು ಹಾಕಿದ್ದು ಕೊಟ್ಟ ಮಾತಿನ ಹಾಗೆ. ಅದರ ತೂಕ ಎಷ್ಟು ಅಂತ ಆಯಾ ಕೇಸಿನಲ್ಲಿ ನೋಡಬೇಕು. ಆದರೆ ಕಾರ್ಮಿಕಳನ್ನು ತಪ್ಪು ಮಾಡಿದ್ದಾಳೆ ಅಂತ ತೆಗೆಯುವುದಾದರೆ, ನಿಮ್ಮ ಚೌಕಟ್ಟು ಇಲ್ಲದಿದ್ದರೂ ಆರೋಪ ಹೇಳಬೇಕು, ಅವಳ ಮಾತು ಕೇಳಬೇಕು."

"ಹಾಗಾದರೆ ನಿಯಮ ಮುರಿದ ಕೂಡಲೇ ಅವಳು ಗೆದ್ದ ಹಾಗಾ?"

"ಅಲ್ಲ. ಎಲ್ಲರೂ ಜಾರುವುದು ಅಲ್ಲಿಯೇ. ವಿಚಾರಣೆ ಸರಿಯಾಗಿ ಆಗಲಿಲ್ಲ ಅಂತ ಕಂಡರೆ ಲೇಬರ್ ಕೋರ್ಟು ಧಣಿಗಳಿಗೆ, ಸರಿ, ಈಗ ನನ್ನ ಎದುರು ಸಾಬೀತು ಮಾಡಿ ಅಂತ ಅವಕಾಶ ಕೊಡಬಹುದು. ಸಾಬೀತಾದರೆ ವಜಾ ನಿಲ್ಲಲೂಬಹುದು. ಆದರೆ ತಪ್ಪಿಗೆ ತಕ್ಕ ಶಿಕ್ಷೆಯಾ ಅಂತಲೂ ನೋಡ್ತದೆ. ಇನ್ನೊಂದು, ಇದೆಲ್ಲ ಕಾರ್ಮಿಕರಿಗೆ. ನಿಮ್ಮ ಮ್ಯಾನೇಜರರನ್ನೇ ತೆಗೆದರೆ ಅವರಿಗೆ ದಾರಿ ಬೇರೆ, ನೇಮಕದ ಕರಾರಿನಲ್ಲಿ ಎಂತ ಉಂಟು ಅಂತ ಹುಡುಕಬೇಕು. ಅದಿರಲಿ, ಈ ಹೆಂಗಸು ಮಾಡಿದ ತಪ್ಪೆಂತ?"

"ನಕ್ಕದ್ದು."

"ನಕ್ಕದ್ದಾ? ಯಾಕೆ?"

ಹೇಳಲು ಹೊರಟೆ. ಬಲೆ ಎನ್ನುವವರೆಗೆ ಬಂದೆ. ಮೀಸೆ ಎನ್ನಲಾಗಲಿಲ್ಲ. ಹದಿನೇಳರ ಮಗ್ಗಿಯನ್ನು ಅರ್ಧದಲ್ಲಿ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ಜಾಗದ ತಕರಾರಿನವರು ಒಳಗೆ ಇಣುಕಿ ನೋಡಿದರು. ಕೊನೆಗೆ ಕೈಯಲ್ಲೇ ಉಬ್ಬುವುದನ್ನೂ ಒಳಗೆ ಹೋಗುವುದನ್ನೂ ಅಭಿನಯಿಸಿ ತೋರಿಸಿದೆ. ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅಮ್ಮಾ, ಈ ಕೇಸು ಕೋರ್ಟಿಗೆ ಬಂದರೆ ನೀವು ಮಾತ್ರ ಸಾಕ್ಷಿಯಾಗಿ ಬರಬೇಡಿ" ಎಂದರು. ಬಾಗಿಲವರೆಗೆ ಬಂದು ಮೆಲ್ಲನೆ ಹೇಳಿದರು, "ಧಣಿಗಳಿಗೆ ಹೇಳಿ, ಕೋರ್ಟಿನಲ್ಲಿ ಮಾಡುವುದನ್ನು ಮೊದಲು ನಿಮ್ಮ ಕಚೇರಿಯಲ್ಲೇ ಮಾಡಿ. ಅವಳ ಮುಖ ನೋಡಿ ಕೇಳಿ."

ಹಾಗೆ ವಿಚಾರಣೆ ನಿಗದಿಯಾಯಿತು. ಆರೋಪಪತ್ರ ಬರೆಯುವ ಭಾಗ್ಯ ನನ್ನದು. "ಅತಿಥಿಗಳ ಎದುರು ಅಶಿಸ್ತಿನ ವರ್ತನೆ" ಎಂದು ಬರೆದು ಚಹಾದಂಗಡಿಯ ಬೆಂಚಿಗೆ ಒಯ್ದು ಕೊಟ್ಟೆ. ಜೊತೆಗೆ ಯಾರನ್ನು ಕರೆದುಕೊಂಡು ಬರುತ್ತೀ ಎಂದು ಕೇಳಿದೆ.

ಗಿರಿಜ ಸ್ವಲ್ಪ ಯೋಚಿಸಿ, "ಅಮ್ಮನನ್ನು" ಎಂದಳು.

ಅಮ್ಮ ಎಂದರೆ ಧಣಿಗಳ ತಾಯಿ! ಮನೆಯಲ್ಲಿ ಸುಮ್ಮನೆ ಕೂರಲಾಗದೆ ದಿನಾ ಬೆಳಿಗ್ಗೆ ಗ್ರೇಡಿಂಗ್ ಕೋಣೆಗೆ ಬಂದು, ಹೆಂಗಸರ ನಡುವೆ ಕೂತು ಇಡಿ ಬೀಜ ಬೇರೆ, ಹೋಳು ಬೇರೆ ಮಾಡುತ್ತಿದ್ದವರು. ಸಂಜೀವಣ್ಣ ಆಕ್ಷೇಪಿಸಿದರು, "ಅಮ್ಮ ಕೆಲಸದವರಲ್ಲ, ನಿಯಮಕ್ಕೆ ವಿರುದ್ಧ."

ಅದನ್ನು ಕೇಳಿ ಅಮ್ಮ ತಾವೇ ಕಚೇರಿಗೆ ಬಂದರು. "ಹೌದಾ ಸಂಜೀವ? ಹಾಗಾದರೆ ದಿನಾ ಬಂದು ನಾನು ಇಲ್ಲಿ ಎಂತ ಮಾಡುವುದು? ನೊಣ ಹೊಡೆಯುವುದಾ?"

ಆಕ್ಷೇಪ ಅಲ್ಲಿಗೆ ಮುಗಿಯಿತು.

ವಿಚಾರಣೆಯ ದಿನ ಧಣಿಗಳ ಕೋಣೆಯಲ್ಲಿ ಕುರ್ಚಿಗಳನ್ನು ನಾನೇ ಜೋಡಿಸಿದ್ದೆ. ವಿಚಾರಣೆಗೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಆದದ್ದೆಂತ ಎಂದರೆ, ಗಿರಿಜ ಒಳಗೆ ಬಂದು ಗೋಡೆಯ ಪಕ್ಕ ನಿಂತಳು. ಅವಳ ಜೊತೆ ಬಂದ ಅಮ್ಮನೂ ನಿಂತರು. ಅಮ್ಮ ನಿಂತದ್ದನ್ನು ನೋಡಿ ಧಣಿಗಳು ಎದ್ದರು. ಧಣಿಗಳು ಎದ್ದ ಮೇಲೆ ಸಂಜೀವಣ್ಣ ಕೂತಿರುವುದುಂಟೇ?

"ಅಮ್ಮ, ನೀವು ಕೂತುಕೊಳ್ಳಿ" ಎಂದರು ಧಣಿಗಳು.

"ನಾನು ಇವಳ ಜೊತೆಗೆ ಬಂದವಳು. ಇವಳು ನಿಂತಿರುವಾಗ ನಾನು ಕೂರುವುದು ಹೇಗೆ?"

"ಗಿರಿಜ, ನೀನು ಕೂತುಕೋ ಮಾರಾಯ್ತಿ."

"ಧಣಿಗಳು ನಿಂತಿರುವಾಗ ನಾನು ಕೂರುವುದಾ? ಬೇಡಪ್ಪ."

"ಹಾಗಾದರೆ ಮೊದಲು ನೀವು ಕೂರಿ ಧಣಿಗಳೇ" ಎಂದೆ ನಾನು, ಉಪಕಾರ ಮಾಡುವವಳ ಹಾಗೆ.

"ಅಮ್ಮ ನಿಂತಿರುವಾಗಲಾ?" ಎಂದರು ಅವರು ಕಣ್ಣು ಬಿಟ್ಟು.

ಈ ಚಕ್ರ ಎರಡು ಸಲ ತಿರುಗಿತು. ಆಮೇಲೆ ಎಲ್ಲರೂ ನಿಂತೇ ವಿಚಾರಣೆ ನಡೆಸುವ ಎಂದು ತೀರ್ಮಾನವಾಯಿತು. ನಾನು ಕಾಗದವನ್ನು ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ಬರೆದುಕೊಂಡೆ. ಅಡ್ಡ ಹಿಡಿದ ಪೆನ್ನಿನಿಂದ ಶಾಯಿ ಇಳಿಯದೆ ಅರ್ಧ ಅಕ್ಷರಗಳು ಮೂಡಲೇ ಇಲ್ಲ.

ಸಂಜೀವಣ್ಣ ಆರೋಪ ಹೇಳಿದರು. ಅತಿಥಿಗಳು, ಭಾಷಣ, ನಗು, ಸಂಸ್ಥೆಯ ಮರ್ಯಾದೆ.

"ನಕ್ಕದ್ದು ಹೌದು" ಎಂದಳು ಗಿರಿಜ. "ತಪ್ಪಾಯಿತು. ತಡೆಯಲಿಕ್ಕೆ ಆಗಲಿಲ್ಲ."

"ಯಾಕೆ ತಡೆಯಲಿಕ್ಕೆ ಆಗಲಿಲ್ಲ?" ಧಣಿಗಳು ಕೇಳಿದರು.

ಗಿರಿಜ ನೆಲ ನೋಡಿದಳು. ಹೇಳಿದರೆ ಸಂಜೀವಣ್ಣನಿಗೆ ಅವಮಾನ, ಹೇಳದಿದ್ದರೆ ಕೆಲಸ ಇಲ್ಲ.

"ನಕ್ಕದ್ದಕ್ಕೆ ಕಾರಣವೇ ಇರಲಿಲ್ಲ" ಎಂದರು ಸಂಜೀವಣ್ಣ.

ಅಮ್ಮ ತಲೆದೂಗಿದರು. "ಇರಬಹುದು. ಆ ದಿನ ನಾನು ಗ್ರೇಡಿಂಗ್ ಕೋಣೆಯಲ್ಲಿದ್ದೆ, ನೋಡಲಿಲ್ಲ. ಈಗ ಒಮ್ಮೆ ಆ ಮೀಸೆಯ ಬಲೆ ಹಾಕಿ, ಆ ಮಾತನ್ನು ಹೇಳು ಸಂಜೀವ. ಕಾರಣ ಉಂಟಾ ಇಲ್ವಾ ಅಂತ ನಾವೂ ನೋಡುವ."

ಸಂಜೀವಣ್ಣನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಹಿಂಜರಿಯಲಿಲ್ಲ. ತಮ್ಮ ಕಡೆ ಸತ್ಯ ಇದೆ ಎಂದು ಪೂರ್ತಿ ನಂಬಿದ್ದರು. ಕಿಸೆಯಿಂದ ಬಲೆ ತೆಗೆದು, ಎರಡೂ ಕಿವಿಗೆ ಸಿಕ್ಕಿಸಿ, ಮೀಸೆಯ ತುದಿಗಳನ್ನು ಒಳಗೆ ಸೇರಿಸಿ, ನೆಟ್ಟಗೆ ನಿಂತರು.

"ಶಿಸ್ತೇ", ಪುಸ್, "ನಮ್ಮ ಸಂಸ್ಥೆಯ", ಪುಸ್, "ಜೀವಾಳ."

ಧಣಿಗಳು ಕಿಟಕಿಯ ಕಡೆ ತಿರುಗಿದರು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಆದರೂ ಅವರ ಭುಜಗಳು ಕುಣಿಯುತ್ತಿದ್ದವು. ಅಮ್ಮ ಸೆರಗನ್ನು ಬಾಯಿಗೆ ತುರುಕಿದರು. ನಾನು ಹದಿನೇಳ ಒಂದಲಿ ಹದಿನೇಳರಲ್ಲೇ ಸೋತು, ಕಪಾಟಿಗೆ ಹಣೆ ಒತ್ತಿ ನಕ್ಕೆ. ಕಪಾಟೂ ನಮ್ಮ ಜೊತೆ ಗಡಗಡ ಎಂದಿತು.

ಸಂಜೀವಣ್ಣ ಕಂಗಾಲಾಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಎಂತದು? ಎಂತ ಉಂಟು ಇದರಲ್ಲಿ?"

ಆಗ ನನಗೆ ಹೊಳೆಯಿತು. ಆ ಬಲೆ ಹಾಕಿಕೊಂಡ ಮೇಲೆ ಅವರು ಕನ್ನಡಿಯನ್ನೇ ನೋಡಿರಲಿಲ್ಲ. ನನ್ನ ಚೀಲದಲ್ಲಿದ್ದ ಸಣ್ಣ ಕನ್ನಡಿಯನ್ನು ತೆಗೆದು ಅವರ ಎದುರು ಹಿಡಿದೆ. ಅವರು ನೋಡಿದರು. ಉಸಿರು ಬಿಟ್ಟರು, ಬಲೆ ಉಬ್ಬಿತು. ಎಳೆದರು, ಒಳಗೆ ಹೋಯಿತು. ಕನ್ನಡಿಗೆ ಇನ್ನೂ ಹತ್ತಿರ ಬಂದು ಮತ್ತೊಮ್ಮೆ ಉಸಿರು ಬಿಟ್ಟು ನೋಡಿದರು. ಆಮೇಲೆ ಆ ಬಲೆ ಸಣ್ಣಗೆ ನಡುಗತೊಡಗಿತು. ಮೀಸೆಯ ಎರಡೂ ತುದಿಗಳು ಕುಣಿದವು. ಒಳಗಿನಿಂದ ಹಿಹ್ಹಿ ಎಂಬ, ಅವರದ್ದೆಂದು ನಂಬಲಾಗದ, ಹುಡುಗಾಟದ ನಗು ಹೊರಗೆ ಬಂತು.

ಕೋಣೆಯಲ್ಲಿ ನಗದಿದ್ದವಳು ಗಿರಿಜ ಒಬ್ಬಳೇ. ಸುಟ್ಟು ನುಣುಪಾದ ಬೆರಳುಗಳನ್ನು ಹೆಣೆದು ಹಿಡಿದು, ತುಟಿ ಕಚ್ಚಿ, ನಮ್ಮನ್ನೆಲ್ಲ ನೋಡುತ್ತ ನಿಂತಿದ್ದಳು. ಕಣ್ಣಂಚಿನಲ್ಲಿ ನೀರಿತ್ತು. ಸಂಜೀವಣ್ಣ ಅದನ್ನು ಕಂಡು, ನಗು ನುಂಗಿಕೊಂಡು, ಮೆತ್ತಗಿನ ದನಿಯಲ್ಲಿ ಹೇಳಿದರು.

"ನೀನೂ ನಗು ಮಾರಾಯ್ತಿ. ಶುರುಮಾಡಿದವಳೇ ನೀನು."

"ಕೆಲಸ ಉಂಟಾ ಅಂತ ಮೊದಲು ಹೇಳಿ ಸಂಜೀವಣ್ಣ" ಎಂದಳು ಗಿರಿಜ. "ಆಮೇಲೆ ನಗ್ತೇನೆ."

ಸಂಜೀವಣ್ಣ ಧಣಿಗಳನ್ನು ನೋಡಿದರು. ಧಣಿಗಳು ಕಿಟಕಿಯಿಂದ ಈ ಕಡೆ ತಿರುಗಿ, ತೀರ್ಪು ಕೊಡುವವರು ತಾವೆಂಬುದನ್ನು ನೆನಪಿಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ಉಂಟು."

ಗಿರಿಜ ನಕ್ಕಳು. ಎಷ್ಟು ದಿನದ್ದೋ ಒಟ್ಟಿಗೆ ಬಂದ ಹಾಗೆ ನಕ್ಕಳು. ಅದು ಅಂಗಳ ದಾಟಿ ಕತ್ತರಿಸುವ ಶೆಡ್ಡಿಗೆ ಕೇಳಿಸಿ, ಏನಾಯಿತೆಂದು ಗೊತ್ತಿಲ್ಲದೆ ಅಲ್ಲಿಯವರೂ ನಗತೊಡಗಿದರು. ಬಾಗಿಲು ದಾಟುವಾಗ ಅಮ್ಮ ಅವಳ ಬೆನ್ನಿಗೊಂದು ಗುದ್ದಿ, "ನಡಿ, ಬುತ್ತಿ ಹಳಸ್ತದೆ" ಎಂದರು.

ನಾನು ಹಾಜರಿಯ ಪುಸ್ತಕ ತೆರೆದೆ. "ಮಧ್ಯದ ದಿನಗಳಿಗೆ ಎಂತ ಬರೆಯುವುದು ಸಂಜೀವಣ್ಣ? ಗೈರುಹಾಜರಿಯಾ?"

ಅವರು ಬಲೆಯನ್ನು ಒಂದು ಕಿವಿಯಿಂದ ಬಿಡಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. "ತೆಗೆದದ್ದೇ ಸರಿಯಾಗಿ ಆಗಲಿಲ್ಲವಲ್ಲ ವಿಮಲಕ್ಕ. ದಿನಾ ಬಂದು ಗೇಟಿನಲ್ಲಿ ಕೂತಿದ್ದಾಳೆ. ಹಾಜರಿ ಹಾಕಿ."

ಹೆಬ್ಬೆರಳ ಯಂತ್ರ ಹೇಗೂ ಅವಳನ್ನು ಗುರುತಿಸುತ್ತಿರಲಿಲ್ಲ. ನಾನು ಪೆನ್ನು ತೆಗೆದು, ನನ್ನ ದುಂಡನೆಯ ಅಕ್ಷರದಲ್ಲಿ, ಗಿರಿಜಳ ಹೆಸರಿನ ಮುಂದೆ ಬರೆದೆ: ಹಾಜರು.